ಆಪರೇಷನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ

ತುರ್ತು ಸಿಸೇರಿಯನ್ ಮುಗಿದಿದೆ, ಮಗು ಅತ್ತಿದೆ, ಹೊಲಿಗೆಯೂ ಆಗಿದೆ. ಆದರೆ ತಾಯಿ ತಾನಾಗಿ ಉಸಿರಾಡುತ್ತಿಲ್ಲ. ಹತ್ತು ನಿಮಿಷದೊಳಗೆ ಇಳಿಯಬೇಕಿದ್ದ ಔಷಧದ ಪ್ರಭಾವ ಗಂಟೆ ಕಳೆದರೂ ಇಳಿದಿಲ್ಲ. ಅರಿವಳಿಕೆ ತಜ್ಞರು ಉಸಿರಿನ ಚೀಲ ಒತ್ತುತ್ತಲೇ ಇದ್ದಾರೆ. ವೈದ್ಯರು ಇದನ್ನು ‘ಸ್ಕೋಲಿನ್ ಆಪ್ನಿಯಾ’ ಎನ್ನುತ್ತಾರೆ. ಇಲ್ಲಿ ಯಾರ ಕೈಯೂ ತಪ್ಪಿಲ್ಲ, ಔಷಧವೂ ಕೆಟ್ಟದ್ದಲ್ಲ. ಕಾರಣ ಇರುವುದು ತಾಯಿಯ ಮೂರನೇ ವರ್ಣತಂತುವಿನ ಒಂದು ಜೀನ್‌ನಲ್ಲಿ. ಅದರ ಹೆಸರು ಬಿಸಿಎಚ್‌ಇ.

ಈ ಜೀನ್‌ನ ಆಣತಿಯಂತೆ ಯಕೃತ್ತು ಬ್ಯುಟೈರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಶ್ವಾಸನಾಳಕ್ಕೆ ಕೊಳವೆ ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಗೊಳಿಸಲು ಕೊಡುವ ಸಕ್ಸಿನೈಲ್‌ಕೋಲಿನ್ (ಸ್ಕೋಲಿನ್) ಅನ್ನು ಒಡೆದು ಹಾಕುವುದು ಇದೇ ಕಿಣ್ವ. ರಕ್ತನಾಳಕ್ಕೆ ಚುಚ್ಚಿದ ಔಷಧದ ಬಹುಪಾಲು ಸ್ನಾಯುವನ್ನು ಮುಟ್ಟುವ ಮೊದಲೇ ರಕ್ತದಲ್ಲಿ ಕರಗಿಹೋಗುತ್ತದೆ. ಕಿಣ್ವವೇ ಇಲ್ಲದವರಲ್ಲಿ ಅಷ್ಟೂ ಔಷಧ ಸ್ನಾಯುವಿಗೆ ತಲುಪಿ, ಉಸಿರಾಟದ ಸ್ನಾಯುಗಳೂ ಗಂಟೆಗಟ್ಟಲೆ ಸ್ತಬ್ಧವಾಗುತ್ತವೆ. ವೆಂಟಿಲೇಟರ್ ಇದ್ದು, ವೈದ್ಯರು ತಾಳ್ಮೆಯಿಂದ ಕಾದರೆ ರೋಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದರೆ ಕಾರಣ ತಿಳಿಯದೆ ಅರಿವಳಿಕೆಯನ್ನು ನಿಲ್ಲಿಸಿಬಿಟ್ಟರೆ, ಎಚ್ಚರವಾಗಿಯೂ ಒಂದು ಬೆರಳು ಕದಲಿಸಲಾಗದ ಸ್ಥಿತಿಯಲ್ಲಿ ರೋಗಿ ಮಲಗಿರಬೇಕಾಗುತ್ತದೆ. ಅದಕ್ಕಿಂತ ಘೋರವಾದ ಅನುಭವ ಆಸ್ಪತ್ರೆಯಲ್ಲಿ ಇನ್ನೊಂದಿರಲಾರದು.

ಈ ಕೊರತೆ ಇರುವವರಿಗೆ ದಿನನಿತ್ಯದ ಬದುಕಿನಲ್ಲಿ ಯಾವ ತೊಂದರೆಯೂ ಇಲ್ಲ. ಮೊದಲ ಸುಳಿವು ಸಿಗುವುದೇ ಆಪರೇಷನ್ ಟೇಬಲ್ ಮೇಲೆ.

ಜಗತ್ತಿನಲ್ಲಿ ಅಪರೂಪವಾದ ಈ ಕೊರತೆ ನಮ್ಮ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಾಣುತ್ತದೆ. ಆಂಧ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕಗಳಲ್ಲಿ ಹರಡಿರುವ ಸಮುದಾಯ ಇದು. ಪ್ರೋಟೀನಿನ 307ನೇ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದು ಕೂತಿರುವುದೇ ಕಾರಣವೆಂದು ಕೊಯಮತ್ತೂರಿನ ಸಂಶೋಧಕರೂ ಅವರ ವಿದೇಶಿ ಸಹೋದ್ಯೋಗಿಗಳೂ 2006ರಲ್ಲಿ ಪ್ರಕಟಿಸಿದರು. ಅರಿವಳಿಕೆ ತಜ್ಞರಿಗೆ ಈ ವಿಷಯ ಹೊಸದಲ್ಲ. ಗೊತ್ತಾಗಬೇಕಾಗಿರುವುದು ಮನೆಮಂದಿಗೆ.

ಇದನ್ನು ಒಂದು ಸಮುದಾಯದ ಕಳಂಕವೆಂದು ಓದುವುದು ದೊಡ್ಡ ತಪ್ಪು. ಒಂದು ಕಾಲಕ್ಕೆ ಕೆಲವೇ ಜನರಿಂದ ಶುರುವಾಗಿ, ಶತಮಾನಗಳ ಕಾಲ ತಮ್ಮೊಳಗೇ ಮದುವೆ ಮಾಡಿಕೊಂಡು ಬಂದ ಯಾವುದೇ ಗುಂಪಿನಲ್ಲೂ ಯಾವುದೋ ಒಂದು ಅಪರೂಪದ ಬದಲಾವಣೆ ಸಾಮಾನ್ಯವಾಗಿಬಿಡುತ್ತದೆ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳಿದ್ದ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿತು. 81 ಗುಂಪುಗಳಲ್ಲಿ ಈ ಪರಿಣಾಮ ಫಿನ್‌ಲೆಂಡ್ ಜನರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ತೀವ್ರವಾಗಿತ್ತು. ಯಹೂದಿಗಳು 1970ರ ದಶಕದಿಂದಲೇ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ಕಾಯಿಲೆಗೆ ಸ್ವಯಂಪ್ರೇರಿತರಾಗಿ ತಪಾಸಣೆ ಮಾಡಿಸಿಕೊಂಡು ಅದನ್ನು ತಮ್ಮಲ್ಲಿ ಬಹುಮಟ್ಟಿಗೆ ಇಲ್ಲವಾಗಿಸಿದರು. ನಾವು ಜಾತಿಯ ವಿಷಯವನ್ನು ಚುನಾವಣೆಯ ಲೆಕ್ಕಾಚಾರದಲ್ಲಿ ಎಗ್ಗಿಲ್ಲದೆ ಮಾತಾಡುತ್ತೇವೆ, ಆರೋಗ್ಯದ ಮಾತು ಬಂದಾಗ ಮಾತ್ರ ಸಂಕೋಚಪಡುತ್ತೇವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ‘ಜೀನೋಮ್ ಇಂಡಿಯಾ’ ಯೋಜನೆಯ 10,000 ಜೀನೋಮ್‌ಗಳ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಹೆಮ್ಮೆಯ ಕೆಲಸ, ನಿಜ. ಆದರೆ 2006ರಲ್ಲೇ ಗೊತ್ತಾದ ಒಂದು ಅಕ್ಷರದ ಬದಲಾವಣೆಯ ಸುದ್ದಿಯನ್ನೇ ಮನೆಗಳಿಗೆ ಮುಟ್ಟಿಸಲಾಗದಿದ್ದರೆ, ಈ ಸಾವಿರಾರು ಜೀನೋಮ್‌ಗಳ ಫಲ ಯಾರಿಗೆ ದಕ್ಕಬೇಕು?

ಇಲ್ಲಿ ಬೇಕಿರುವುದು ದುಬಾರಿ ತಂತ್ರಜ್ಞಾನವೂ ಅಲ್ಲ. ಕೀಟನಾಶಕ ಕುಡಿದು ಬಂದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಕೋಲಿನ್‌ಎಸ್ಟರೇಸ್ ರಕ್ತಪರೀಕ್ಷೆ ಮಾಡುತ್ತಾರೆ. ಅದು ಅಳೆಯುವುದು ಬಹುತೇಕ ಇದೇ ಕಿಣ್ವವನ್ನು. ಗರ್ಭಿಣಿಯರಲ್ಲಿ, ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಅದರ ಮಟ್ಟ ಸ್ವಲ್ಪ ಇಳಿಯುವುದುಂಟು. ಜೀನ್‌ನ ಎರಡೂ ಪ್ರತಿಗಳಲ್ಲಿ ಈ ಬದಲಾವಣೆ ಇದ್ದವರಲ್ಲಾದರೆ ಕಿಣ್ವ ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಪತ್ತೆ ಸುಲಭ. ಪತ್ತೆಯಾದವರಿಗೆ ಈ ಕಿಣ್ವವನ್ನು ಅವಲಂಬಿಸದ ರೊಕ್ಯುರೋನಿಯಂನಂಥ ಪರ್ಯಾಯ ಔಷಧವಿದೆ. ಆರೋಗ್ಯ ಇಲಾಖೆ ಶಸ್ತ್ರಚಿಕಿತ್ಸೆಯ ಪೂರ್ವತಪಾಸಣೆಯ ನಮೂನೆಯಲ್ಲಿ ಒಂದು ಸಾಲು ಸೇರಿಸಲಿ: ‘ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಂತರ ಉಸಿರು ಬೇಗ ಮರಳಲಿಲ್ಲವೇ?’ ಆರ್ಯವೈಶ್ಯ ಸಂಘಗಳು ತಮ್ಮ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ ಜೊತೆ ಈ ಪರೀಕ್ಷೆಯನ್ನೂ ಮಾಡಿಸಲಿ. ಫಲಿತಾಂಶ ಆಯಾ ವ್ಯಕ್ತಿಯ ಕೈಗೆ ಮಾತ್ರ ಸೇರಲಿ, ಮದುವೆ ಮಾತುಕತೆಗೆ ಬರುವುದು ಬೇಡ.

ನಿಮ್ಮ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕೊರತೆ ಪತ್ತೆಯಾಗಿದ್ದರೆ, ನಿಮಗೂ ಅದು ಇರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದು. ದಯವಿಟ್ಟು ಪರೀಕ್ಷೆ ಮಾಡಿಸಿ. ಆ ಚೀಟಿಯನ್ನು ಮನೆಯ ಆಸ್ಪತ್ರೆ ಕಾಗದಗಳ ಜೊತೆ ಇಟ್ಟು, ಆಪರೇಷನ್‌ಗೆ ಮೊದಲು ಅರಿವಳಿಕೆ ವೈದ್ಯರಿಗೆ ತಪ್ಪದೆ ತೋರಿಸಿ.