ಹೊಸ ಬ್ರೇಕಿಗೆ ಹಳೆಯ ಆಯಿಲ್ ಸಲ್ಲದು

ಕಾರೊಂದು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ತಿರುವಿನ ಮೇಲೆ ತಿರುವು. ಚಾಲಕನ ಕಾಲು ಬ್ರೇಕ್ ಪೆಡಲನ್ನು ಬಿಟ್ಟು ಏಳುತ್ತಿಲ್ಲ. ಅರ್ಧ ದಾರಿಯಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ತಳಕ್ಕಿಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಕಾರು ನಿಲ್ಲಿಸುತ್ತಾನೆ. ಗಂಟೆ ಕಳೆದು ಮೆಕ್ಯಾನಿಕ್ ಬಂದು ನೋಡಿದರೆ ಬ್ರೇಕ್ ಸರಿಯಾಗಿಯೇ ಇದೆ! ಬ್ರೇಕ್ ಪ್ಯಾಡುಗಳೂ ಹೊಸವೇ. ಹಾಗಾದರೆ ತಪ್ಪಿದ್ದೆಲ್ಲಿ? ಬದಲಾಯಿಸದೆ ಉಳಿದ ಹಳೆಯ ಬ್ರೇಕ್ ಆಯಿಲ್‌ನಲ್ಲಿ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಇದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623-1662) ಕಂಡುಕೊಂಡ ನಿಯಮ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಸಾಗಿ ಚಕ್ರದ ಬಳಿಯ ಪಿಸ್ಟನ್‌ಗಳನ್ನು ತಳ್ಳುತ್ತದೆ. ಮಾಸ್ಟರ್ ಪಿಸ್ಟನ್ನಿನ ವಿಸ್ತೀರ್ಣ 3 ಚದರ ಸೆಂ.ಮೀ., ಚಕ್ರದ ಪಿಸ್ಟನ್ನಿನದು 9 ಚದರ ಸೆಂ.ಮೀ. ಆಗಿದ್ದರೆ ಬಲ ಮೂರು ಪಟ್ಟಾಗುತ್ತದೆ. ದ್ರವ ಸಂಕುಚಿಸುವುದಿಲ್ಲವೆಂಬುದೇ ಇದಕ್ಕೆಲ್ಲ ಆಧಾರ.

ಆಯಿಲ್ ಎಂಬ ಹೆಸರಿದ್ದರೂ ಇದು ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವುದು ಗ್ಲೈಕಾಲ್ ಈಥರ್ ವರ್ಗದ ದ್ರವ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಇದೂ ಗಾಳಿಯ ತೇವವನ್ನು ಹೀರುತ್ತದೆ. ರಬ್ಬರ್ ಕೊಳವೆಯ ಗೋಡೆಯ ಮೂಲಕವೂ ತೇವ ನಿಧಾನವಾಗಿ ಒಳಸೇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಶೇ. 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿ 140 ಡಿಗ್ರಿ. ಡಾಟ್ 4ರಲ್ಲಿ ಇವು 230 ಮತ್ತು 155.

ಕಾರು ಘಾಟಿ ಇಳಿಯುವಾಗ ಅದರ ಚಲನಶಕ್ತಿಯೂ ಎತ್ತರದಿಂದ ಬಂದ ಶಕ್ತಿಯೂ ಬ್ರೇಕಿನಲ್ಲಿ ಶಾಖವಾಗುತ್ತವೆ. ತೇವ ತುಂಬಿದ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆವಿ ಸಂಕುಚಿಸುತ್ತದೆ, ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯುತ್ತದೆ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ. ಮೆಕ್ಯಾನಿಕ್ ಬಂದಾಗ ದೋಷ ಮಾಯವಾದದ್ದು ಹೀಗೆ!

ತೇವದಿಂದ ಲೋಹದ ಭಾಗಗಳಿಗೆ ತುಕ್ಕೂ ಹಿಡಿಯುತ್ತದೆ. ಆ ಕೊಳೆ ಹಳೆಯ ದ್ರವದೊಡನೆ ಹರಿದು ಹೊಸ ಸಿಲಿಂಡರಿನ ರಬ್ಬರ್ ಸೀಲುಗಳನ್ನು ಗೀರುತ್ತದೆ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದರೆ ಕೊಳಕು ದ್ರವ ಮಾಸ್ಟರ್ ಸಿಲಿಂಡರಿನತ್ತ ಮರಳುತ್ತದೆ. ಮೇಲಿನ ಡಬ್ಬಿ ಉಕ್ಕಿ ಬಣ್ಣವೂ ಹಾಳಾಗಬಹುದು. ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಡಬ್ಬಿಯ ಹಳೆಯ ದ್ರವವನ್ನು ಹೀರಿ ತೆಗೆಯುತ್ತಾನೆ. ಚಕ್ರದ ಬಳಿಯ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗೆ ಇಳಿಬಿಟ್ಟು, ಕಂದು ದ್ರವವನ್ನು ಹೊರಹಾಕುತ್ತಾನೆ. ಭಾಗ ಜೋಡಿಸಿದ ಮೇಲೆ ಹೊಸ ದ್ರವ ತಿಳಿಯಾಗಿ, ಗುಳ್ಳೆಯಿಲ್ಲದೆ ಬರುವವರೆಗೆ ಹರಿಸುತ್ತಾನೆ. ಈ ನಡುವೆ ಡಬ್ಬಿ ಬರಿದಾಗಬಾರದು. ಆದರೆ ಗಾಳಿ ಹೊಕ್ಕು ಮತ್ತದೇ ತೊಂದರೆ.

ಎಂಜಿನ್ ಆಯಿಲನ್ನು ಇದಕ್ಕೆಂದೂ ಸುರಿಯಬಾರದು; ಸೀಲುಗಳು ಉಬ್ಬಿ ಕೆಡುತ್ತವೆ. ಬಹುಕಾಲ ತೆರೆದಿಟ್ಟ ಡಬ್ಬಿಯ ದ್ರವವೂ ಬೇಡ. ತೆಗೆದ ದ್ರವ ವಿಷಕಾರಿ. ಅದನ್ನು ಚರಂಡಿಗೆ ಚೆಲ್ಲದೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ ನೀರು ತುಂಬಿಸಿ. ಒಂದನ್ನು ಒತ್ತಿದೊಡನೆ ಇನ್ನೊಂದು ಏಳುತ್ತದೆ. ಈಗ ಸ್ವಲ್ಪ ಗಾಳಿ ಬಿಟ್ಟು, ಎರಡನೆಯದನ್ನು ಬೆರಳಿನಿಂದ ಅದುಮಿ ಹಿಡಿದು ಒತ್ತಿ ನೋಡಿ. ಮೆತ್ತಗಾದ ಪೆಡಲಿನ ಅನುಭವ ಕೈಗೇ ಸಿಗುತ್ತದೆ.

ಅನೇಕ ತಯಾರಕರು ಸುಮಾರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಹೇಳುತ್ತಾರೆ. ವಾಹನದ ಕೈಪಿಡಿಯಲ್ಲಿ ಅವಧಿ, ದರ್ಜೆ ಎರಡೂ ಇರುತ್ತವೆ. ಮುಂದಿನ ಬಾರಿ ಗ್ಯಾರೇಜಿಗೆ ಹೋದಾಗ ಪಾಲಕರು, "ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು?" ಎಂದು ಕೇಳಲಿ. ಘಾಟಿಯ ತಿರುವಿನಲ್ಲಿ ಕೇಳಿಕೊಳ್ಳುವುದಕ್ಕಿಂತ ಅದೇ ಮೇಲು.