ಭಾನುವಾರದ ಬೆಟ್ಟ, ಮೂರು ಗಂಟೆಯ ಮೋಡ

ವಾರವಿಡೀ ಲೇತ್ ಮಿಷನ್ ಮುಂದೆ ನಿಂತ ಕಾಮಾಕ್ಷಿಪಾಳ್ಯದ ಕಾರ್ಮಿಕನಿಗೆ ಸಿಗುವುದು ಒಂದೇ ಭಾನುವಾರ. ಅವತ್ತು ಹೆಂಡತಿ, ಮಕ್ಕಳು, ಚಿತ್ರಾನ್ನದ ಡಬ್ಬಿ ಸಮೇತ ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ ಹೊರಟರೆ ಬೇಡ ಅನ್ನುವವರು ಯಾರು? ಸುಂಕದಕಟ್ಟೆ, ತಾವರೆಕೆರೆ ದಾಟಿದರೆ ಬೆಟ್ಟ ನಮ್ಮ ಹಿತ್ತಲಿನದೇ!

ತಕರಾರು ಹೊರಡುವ ಹೊತ್ತಿನದು. ತಲೆಗೆ ನೀರು, ತಿಂಡಿ ಅಂತೆಲ್ಲ ಮುಗಿಸಿ ಬೆಟ್ಟದ ಬುಡ ಮುಟ್ಟುವಾಗ ಹನ್ನೊಂದು. ಏಪ್ರಿಲ್-ಮೇ ತಿಂಗಳ ಆಕಾಶ ಆಗ ತೊಳೆದಿಟ್ಟ ತಟ್ಟೆ. ನರಸಿಂಹಸ್ವಾಮಿ ಗುಡಿಯಲ್ಲೇ ಕೂತ ಅಜ್ಜಿ, 'ಮೋಡ ಕಟ್ಟಿದ್ರೆ ಇಳಿದ್ಬಿಡ್ರೋ' ಅಂದರೆ, 'ಎಲ್ಲಮ್ಮಾ ಮೋಡ?' ಅಂತ ಮಗನ ನಗು. ಮೂರಕ್ಕೆ ಗುಡುಗು ಕೇಳಿದಾಗ ಇವರು ಇನ್ನೂ ನಡುಬಂಡೆಯಲ್ಲಿ. 'ಇನ್ನೊಂಚೂರು, ಮೇಲಿನ ನಂದಿ ನೋಡ್ಕೊಂಡು ಬಂದ್ಬಿಡೋಣ!'

ಸಾವನದುರ್ಗ ಮಣ್ಣಿನ ಗುಡ್ಡವಲ್ಲ ಸ್ವಾಮಿ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಬೋಳು ಬಂಡೆ. ಒಣಗಿದ್ದಾಗ ಕಾಲನ್ನು ಕಚ್ಚಿ ಹಿಡಿಯುವ ಅದೇ ಕಲ್ಲು, ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ. ನೀರು ಇಂಗಲು ಜಾಗವಿಲ್ಲ. ಅಷ್ಟೂ ಮೈಮೇಲೇ ಹರಿಯುತ್ತದೆ. ಕೈಯೂರಿ ಹತ್ತಿದ ಮಗು ಇಳಿಯುವಾಗ ಕಾಲೆಲ್ಲಿಡಬೇಕೆಂದು ಕಾಣದೆ ಅಳುತ್ತದೆ. ಸಿಡಿಲಿನ ಮಾತಂತೂ ಬೇರೆಯೇ. ಬೋಳು ಬಂಡೆಯ ಮೇಲೆ ಎಲ್ಲಕ್ಕಿಂತ ಎತ್ತರ ನಿಂತಿರುವವನು ಮನುಷ್ಯನೇ. ಒಂಟಿ ಮರದಡಿ ಓಡುವುದು ಇನ್ನೂ ಅಪಾಯ. (ಕಾರ್ನ್‌ವಾಲಿಸನ ಸೈನ್ಯ ಈ ದುರ್ಗ ಹತ್ತಿದ್ದು 1791ರ ಡಿಸೆಂಬರ್‌ನಲ್ಲಿ. ಹವಾ ನೋಡಿ ಬೆಟ್ಟ ಹತ್ತುವ ಬುದ್ಧಿ ಶತ್ರುವಿನಿಂದ ಕಲಿತರೂ ತಪ್ಪಿಲ್ಲ!)

ಹೊತ್ತು ಮೂಡುವಾಗಲೇ ಹತ್ತಿ ಹನ್ನೊಂದಕ್ಕೆ ಇಳಿದುಬಿಟ್ಟರೆ ಅರ್ಧ ಚಿಂತೆ ಕಳೆಯಿತು. ಇದು ಜನರ ಕೆಲಸ. ಆದರೆ ಎಲ್ಲವನ್ನೂ ಜನರ ತಲೆಗೇ ಕಟ್ಟಿ ಇಲಾಖೆ ಕೈತೊಳೆದುಕೊಳ್ಳುವ ಹಾಗಿಲ್ಲ. 2024ರಲ್ಲಿ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಜನಜಂಗುಳಿ ತಡೆಯಲು ಅದು ಸರಿಯೇ. ಆದರೆ ಬುಧವಾರ ದುಡ್ಡು ಕಟ್ಟುವವನಿಗೆ ಭಾನುವಾರದ ಮೋಡ ಗೊತ್ತೇ? ನಾಲ್ಕು ಜನರ ದುಡ್ಡು ಕಟ್ಟಿದವನು ಆಕಾಶ ಕಪ್ಪಾದರೂ ಹತ್ತಿಯೇ ಹತ್ತುತ್ತಾನೆ, ಸಂಬಳದವನ ಲೆಕ್ಕವೇ ಹಾಗೆ. ಮಳೆ ಬಂದ ದಿನದ ಟಿಕೆಟ್ ಮುಂದಿನ ಭಾನುವಾರಕ್ಕೆ ನಡೆಯುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಲಿ. ಬುಡದಲ್ಲಿ ನಿಂತ ಕಾವಲುಗಾರನಿಗೆ ಗುಡುಗು ಕೇಳಿದೊಡನೆ ದಾರಿ ಮುಚ್ಚುವ ಅಧಿಕಾರ ಕೊಡಲಿ. ಮುಂಗಾರಿಗೆ ಮುಂಚಿನ ಸಿಡಿಲು ಪ್ರತಿ ಬೇಸಿಗೆಯೂ ಬರುತ್ತದೆ. ಅದಕ್ಕೆ ಮುಂಗಡ ಬುಕಿಂಗ್ ಬೇಕಿಲ್ಲ.