ಡೇರೆಯ ಬಳಿ ಒಲೆ ಬೇಡ



ಮಳೆಯನ್ನೂ ಬೆಲೆಯನ್ನೂ ನಂಬಲಾರದೆ ಸಕಲೇಶಪುರ, ಆಲೂರು ಕಡೆಯ ನಮ್ಮಲ್ಲಿ ಕೆಲವರು ತೋಟದಲ್ಲಿ ಡೇರೆ ಹಾಕಿ ಪ್ರವಾಸಿಗರನ್ನು ಇಳಿಸಿಕೊಳ್ಳುತ್ತಿದ್ದೇವೆ. ಕಳೆದ ಹಲಸಿನ ಕಾಲದಲ್ಲಿ ಕಲಬುರಗಿಯ ಸ್ಟೇಶನ್ ಬಜಾರದಿಂದ ಬಂದ ಯುವಕರು ನನ್ನ ತೋಟದ ಡೇರೆಯ ಮುಂದೆಯೇ ಅನ್ನ ಬೇಯಿಸಿ, ಉಳಿದದ್ದನ್ನು ಪಾತ್ರೆಯಲ್ಲೇ ಬಿಟ್ಟು ಮಲಗಿದರು. ರಾತ್ರಿ ಒಂಟಿ ಸಲಗ ಬಂದು ಅನ್ನ ಮುಗಿಸಿ, ಉಪ್ಪಿನ ಚೀಲವನ್ನೂ ಹರಿಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಅವರ ಜಿಲ್ಲೆಯ ಚಿಂಚೋಳಿ ಕಾಡಿನಲ್ಲಿ ಆನೆಯಿಲ್ಲ. ಅವರಿಗೆ ತಿಳಿಯುವುದು ಹೇಗೆ? ಒಲೆಗೆ ಕಲ್ಲು ಜೋಡಿಸಿಕೊಟ್ಟವನು ನಾನು.

ಅಮೆರಿಕದ ಯೊಸೆಮಿಟಿಯಲ್ಲಿ ಕರಡಿಗೆ ಸಿಗದಂತೆ ಶಿಬಿರದ ಆಹಾರವನ್ನು ಲೋಹದ ಪೆಟ್ಟಿಗೆಯಲ್ಲಿ ಇಡಿಸುತ್ತಾರೆ. ಗೋಡೆ ಕೆಡವಿ ಅಕ್ಕಿ ತೆಗೆಯುವ ಆನೆಗೆ ಪೆಟ್ಟಿಗೆ ಯಾವ ಲೆಕ್ಕ? ಅತಿಥಿ ಮರುದಿನ ಊರಿಗೆ ಹೋಗುತ್ತಾನೆ. ಅನ್ನದ ರುಚಿ ಹತ್ತಿದ ಆನೆ ಇಲ್ಲೇ ಉಳಿದು, ನಾಳೆ ಕೂಲಿ ಲೈನಿನ ಅಡಿಗೆಮನೆಗೆ ಬರುತ್ತದೆ. ನಮ್ಮ ಸಂಪಾದನೆಗೆ ಆಳುಗಳ ಪ್ರಾಣ ಒತ್ತೆಯಾಗಬಾರದು.

ಆದ್ದರಿಂದ ಅತಿಥಿಗಳ ಅಡಿಗೆ, ಊಟ ನಮ್ಮ ಮನೆಯಲ್ಲೇ ಆಗಲಿ. ಡೇರೆಯೊಳಗೆ ಹಣ್ಣು, ತಿಂಡಿ ಬೇಡ. ಎಂಜಲು ರಾತ್ರಿ ಹೊರಗೆ ಉಳಿಯದಿರಲಿ. ಆನೆಯ ಸುಳಿವಿದ್ದ ದಿನ ಡೇರೆಯೇ ಬೇಡ. ಹೋದ ಬಾಡಿಗೆ ಮತ್ತೆ ಬರುತ್ತದೆ. ಹೋದ ಜೀವ ಬಾರದು.

— ಕಾರ್ಯದರ್ಶಿ